ಒಂಬತ್ತು ಹನ್ನೆರಡರ ನೀರು

"ಎಂಟೂ ಮುಕ್ಕಾಲಿಗೆ ನೀರು ಏರ್ತಾ ಇತ್ತಾ? ಇನ್ನೊಂದ್ ಸಲ ಹೇಳು, ಕೇಳೋಣ!"

ಕೊಕ್ಕೆಗೋಲಿನ ತುದಿ ವಿನ್‌ಸ್ಟನ್‌ನ ಎದೆಗೆ ತಾಗಿತ್ತು. ಹಿಡಿದಿದ್ದವಳು ನಾನು, ಸಿಗ್ರಿಡ್. ಐವತ್ತೆಂಟು ವರ್ಷದ ಹೆಂಗಸು, ಮಂಡಿನೋವಿನವಳು, ಬೆಳಗ್ಗೆಯಿಂದ ಅತ್ತೂ ಅತ್ತೂ ಗಂಟಲು ಕಟ್ಟಿಕೊಂಡವಳು. ಆದರೂ ಅವನನ್ನು ನೀರಿಗೆ ನೂಕುವಷ್ಟು ಶಕ್ತಿ ಇನ್ನೂ ಉಳಿದಿತ್ತು. ಮನಸ್ಸಂತೂ ಇದ್ದೇ ಇತ್ತು.

"ನಾನು ಕಣ್ಣಾರೆ ಕಂಡಿದ್ದನ್ನೇ ಹೇಳ್ತಿದ್ದೀನಿ," ಎಂದ ವಿನ್‌ಸ್ಟನ್. ಅವನ ಬೆನ್ನು ಚುಕ್ಕಾಣಿ ಕೋಣೆಯ ಬಾಗಿಲಿಗೆ ಒತ್ತಿಕೊಂಡಿತ್ತು. "ಎಂಟು ಗಂಟೆಗೆ ಕಯಾಕ್ ತಗೊಂಡು ಮರಳುದಿಬ್ಬಕ್ಕೆ ಹೋದೆ. ನಕ್ಷತ್ರಮೀನು ನೋಡ್ತಾ ಇದ್ದೆ. ಎಂಟೂ ಮುಕ್ಕಾಲಿಗೆ ಪಾದದ ತನಕ ನೀರು ಬಂತು, ವಾಪಸ್ ಹೊರಟೆ. ಎಸ್ಪೆನ್ ಅಲ್ಲಿ ಇರಲಿಲ್ಲ. ಯಾರೂ ಇರಲಿಲ್ಲ."

"ಸುಳ್ಳ!"

ಸಮುದ್ರ ಪೂರ್ತಿ ಇಳಿದು ತಳ ಮುಟ್ಟುವುದು ಒಂಬತ್ತು ಹನ್ನೆರಡಕ್ಕೆ ಎಂದು ನನಗೆ ಗೊತ್ತಿತ್ತು. ಎಂಟೂ ಮುಕ್ಕಾಲಿಗೆ ನೀರು ಇನ್ನೂ ಇಳಿಯುತ್ತಿರಬೇಕು, ಏರುವುದಲ್ಲ. ದಿಬ್ಬದ ಮೇಲೆ ಕಾಲಿಟ್ಟವರು ಯಾರೂ ಈ ಮಾತು ಹೇಳಲಾರರು. ಅಂದರೆ ಈ ಮನುಷ್ಯ ಅಲ್ಲಿರಲೇ ಇಲ್ಲ, ಬೇರೆಲ್ಲೋ ಇದ್ದ, ಬೇರೇನೋ ಮಾಡುತ್ತಿದ್ದ. ನನ್ನ ತಮ್ಮನನ್ನು ಏನು ಮಾಡಿದ ಎಂಬುದಷ್ಟೇ ನನಗೆ ಬೇಕಿತ್ತು.

ಸೋಮವಾರ ಎಸ್ಪೆನ್ ಕೋರ್ಟಿನ ಕಟಕಟೆಯಲ್ಲಿ ನಿಂತು, ದೋಣಿ ಮಾಲೀಕ ಕಾನ್ರಾಡ್ ವೆಸ್ಟ್‌ಗಾರ್ಡ್ ತನ್ನ ಆಳೊಬ್ಬನನ್ನು ಹೇಗೆ ಸಮುದ್ರಕ್ಕೆ ತಳ್ಳಿ ಕೊಂದ ಎಂದು ಹೇಳಬೇಕಿತ್ತು. ಕಂಡವನು ಅವನೊಬ್ಬನೇ. ಇವತ್ತು ಗುರುವಾರ, ಎಸ್ಪೆನ್ ಇಲ್ಲ.

"ಕಾನ್ರಾಡ್ ನಿನ್ನ ಎಷ್ಟು ದಿನದಿಂದ ಸಾಕ್ತಿದ್ದಾನೆ? ಹೇಳು!"

"ಆ ಮನುಷ್ಯನ ಮುಖಾನೇ ನಾನು ನೋಡಿಲ್ಲ ಸಿಗ್ರಿಡ್. ನಾನು ಹಲ್ಲಿನ ಡಾಕ್ಟ್ರು."

"ನಿನ್ನೆ ಸಂಜೆ ಎಸ್ಪೆನ್ ಜೊತೆ ಜಗಳ ಆಡ್ಲಿಲ್ವಾ?"

"ಅದು ತಿಮಿಂಗಿಲದ ವಿಷಯ! ಮರಿ ಇರೋ ತಾಯಿ ಹತ್ರ ನಾನು ದೋಣಿ ತಗೊಂಡು ಹೋದೆ, ಅವನು ಬೈದ. ತಪ್ಪು ನಂದೇ ಅಂತ ಆವಾಗ್ಲೇ ಒಪ್ಕೊಂಡೆನಲ್ಲ."

ಲೈಲ್ ನನ್ನ ಹಿಂದೆ ನಿಂತು ಕಾಫಿ ಕುಡಿಯುತ್ತಿದ್ದ. ಮಾರ್ತಾ ಬಿ ಅವನ ದೋಣಿ. ಇಪ್ಪತ್ತು ವರ್ಷದಿಂದ ಪ್ರತಿ ಜೂನ್‌ನಲ್ಲಿ ಅವನು, ನಾನು, ಎಸ್ಪೆನ್ ಇದರಲ್ಲೇ ಈ ಕರಾವಳಿಯುದ್ದಕ್ಕೂ ಹತ್ತು ದಿನ ಅಲೆಯುತ್ತೇವೆ. ಮೀನು ಹಿಡಿಯುತ್ತೇವೆ, ಕರಡಿ ನೋಡುತ್ತೇವೆ, ಇಸ್ಪೀಟಿನಲ್ಲಿ ಮೋಸ ಮಾಡಿ ಜಗಳವಾಡುತ್ತೇವೆ. ವಿನ್‌ಸ್ಟನ್ ಸಿಯಾಟಲ್‌ನಿಂದ ಹೋದ ವರ್ಷವಷ್ಟೇ ಸೇರಿಕೊಂಡ ಹೊಸಬ.

"ಬಿಡೇ ಸಿಗ್ರಿಡ್," ಎಂದ ಲೈಲ್ ಮೆಲ್ಲಗೆ. "ಅವನನ್ನ ಚುಚ್ಚಿದ್ರೆ ಎಸ್ಪೆನ್ ಬರ್ತಾನಾ?"

ಆ ತಣ್ಣಗಿನ ದನಿ ಕೇಳಿ ನನಗೆ ಉರಿಯಿತು. ಎಸ್ಪೆನ್‌ಗೆ ಚುಕ್ಕಾಣಿ ಹಿಡಿಯಲು ಕಲಿಸಿದವನು ಇವನೇ. ಬೆಳಗ್ಗೆ ಅವನನ್ನು ದಿಬ್ಬದ ಮೇಲೆ ಇಳಿಸಿ ಬಂದು, ಅಲ್ಲಿಂದ ಎದುರಿನ ದ್ವೀಪಕ್ಕೆ ನಡೆದು ಹೋದ ಎಂದವನೂ ಇವನೇ. ಹೆಲಿಕಾಪ್ಟರ್ ದ್ವೀಪದ ಮೇಲೆ ಎರಡು ಗಂಟೆ ಸುತ್ತಿ, ಏನೂ ಕಾಣದೆ ಇಂಧನ ತುಂಬಿಸಿಕೊಳ್ಳಲು ಹೋದಾಗಲೂ ಇವನು ಹೀಗೇ ಕಾಫಿ ಕುಡಿಯುತ್ತಿದ್ದ. ಗಂಡಸರಿಗೆ ದುಃಖ ಒಳಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಕೋಲು ಕೆಳಗಿಡಮ್ಮಾ. ಒಬ್ಬನನ್ನ ಹುಡುಕೋಕೆ ಬಂದಿದ್ದೀನಿ, ಇನ್ನೊಬ್ಬನನ್ನೂ ಹುಡುಕೋ ಹಾಗೆ ಮಾಡ್ಬೇಡ."

ಓಪಲ್ ಡೆಮರ್ಟ್ ತನ್ನ ಅಲ್ಯೂಮಿನಿಯಂ ದೋಣಿಯನ್ನು ನಮ್ಮ ಪಕ್ಕಕ್ಕೆ ಕಟ್ಟಿ ಹತ್ತಿ ಬಂದಿದ್ದಳು. ಇಪ್ಪತ್ತು ಮೈಲಿ ಆಚೆಯ ಟ್ಲಿಂಗಿಟ್ ಮೂಲನಿವಾಸಿಗಳ ಹಳ್ಳಿಗೆ ಪೊಲೀಸ್ ಅಂದರೆ ಅವಳೊಬ್ಬಳೇ. ನನಗಿಂತ ಐದಾರು ವರ್ಷ ದೊಡ್ಡವಳು, ಗುಂಡಗೆ, ಗಿಡ್ಡಗೆ. ಬೂಟಿನಿಂದ ತೊಡೆಯವರೆಗೆ ಕಪ್ಪು ಕೆಸರು ಮೆತ್ತಿಕೊಂಡಿತ್ತು. ನನ್ನ ತಮ್ಮ ಸಾಯುತ್ತಿದ್ದಾನೆ, ಇವಳು ಕೆಸರಲ್ಲಿ ಆಡಿ ಬಂದಿದ್ದಾಳೆ ಅನ್ನಿಸಿ ನನಗೆ ರೇಗಿತು.

"ಈಗ ಟೈಮು ಒಂದೂ ಹತ್ತು," ಎಂದಳು. "ಎಲ್ಲರೂ ಕೂತ್ಕೊಳ್ಳಿ. ದಿನಚರಿ ಪುಸ್ತಕ ಕೊಡಿ."

ಲೈಲ್ ಕೊಟ್ಟ. ಯಾರು ಎಲ್ಲಿ ಇಳಿದರು, ಎಷ್ಟು ಹೊತ್ತಿಗೆ, ನೀರು ಹೇಗಿತ್ತು, ಇಷ್ಟನ್ನೂ ಬರೆಯದೆ ಅವನು ಯಾರನ್ನೂ ದಡಕ್ಕೆ ಬಿಟ್ಟವನಲ್ಲ. ಓಪಲ್ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದಳು.

"'9:12. ಎಸ್ಪೆನ್ ಮರಳುದಿಬ್ಬದ ಮೇಲೆ. ನೀರು ತಳದಲ್ಲಿ. ದ್ವೀಪದ ಕಡೆ ನಡೆದ.' ಇದು ನಿನ್ನ ಅಕ್ಷರಾನಾ ಲೈಲ್?"

"ನಂದೇ."

"ನೀರು ತಳದಲ್ಲಿತ್ತು. ನೀನೇ ನೋಡ್ದೆ."

"ನೋಡ್ದೆ. ದಿಬ್ಬ ಪೂರ್ತಿ ಒಣಗಿತ್ತು. ಈ ವರ್ಷದ ದೊಡ್ಡ ಇಳಿತ ಅಲ್ವಾ."

ಓಪಲ್ ತಲೆಯಾಡಿಸಿದಳು. ಗೋಡೆಯ ಮೊಳೆಗೆ ನೇತುಹಾಕಿದ್ದ, ನೀರು ಏರಿಳಿಯುವ ಗಂಟೆಗಳಿರುವ ಉಬ್ಬರದ ಪುಸ್ತಕವನ್ನು ತೆಗೆದು ವಿನ್‌ಸ್ಟನ್‌ನ ಮುಂದೆ ಹಿಡಿದಳು. ಅಂಗೈಯಷ್ಟು ಚಿಕ್ಕದು, ಹಾರ್ಡ್‌ವೇರ್ ಅಂಗಡಿಯಲ್ಲಿ ಪುಕ್ಕಟೆ ಕೊಡುವಂಥದ್ದು. ಲೈಲ್‌ನ ದಪ್ಪ ಪುಸ್ತಕ ಈ ಸಲ ಮನೆಯ ಮೇಜಿನ ಮೇಲೇ ಉಳಿದುಹೋಗಿತ್ತು.

"ಡಾಕ್ಟ್ರೇ, ಇವತ್ತು ಬೆಳಗ್ಗೆ ನೀರು ತಳ ಮುಟ್ಟಿದ್ದು ಎಷ್ಟೊತ್ತಿಗೆ? ನೋಡಿ ಹೇಳಿ."

"ಎಂಟು ಹನ್ನೆರಡು."

ನನಗೆ ನಗು ಬಂತು, ಕೆಟ್ಟ ನಗು. "ಒಂದು ಗಂಟೆ ಕೂಡಿಸ್ಬೇಕು ಅಂತ ಸಿಯಾಟಲ್‌ನಲ್ಲಿ ಯಾರೂ ಹೇಳ್ಕೊಡ್ಲಿಲ್ವಾ? ಒಂಬತ್ತು ಹನ್ನೆರಡು!"

"ನೀನು ಲೈಲ್?"

"ಒಂಬತ್ತು ಹನ್ನೆರಡು. ಇದೇನು ಶಾಲೆ ಪರೀಕ್ಷೇನಾ ಓಪಲ್?"

ನಮ್ಮ ಕಡೆ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಬ್ಬರದ ಪುಸ್ತಕದಲ್ಲಿರುವುದು ಚಳಿಗಾಲದ ಗಂಟೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತೇವೆ, ಆದ್ದರಿಂದ ಪುಸ್ತಕದ ಗಂಟೆಗೂ ಒಂದು ಕೂಡಿಸಬೇಕು. ನನ್ನಪ್ಪ ತನ್ನ ದೋಣಿಯ ಚುಕ್ಕಾಣಿಯ ಪಕ್ಕದಲ್ಲಿ ಬಣ್ಣದಲ್ಲೇ ಬರೆದಿಟ್ಟಿದ್ದ, 'ಒಂದು ಕೂಡಿಸು' ಎಂದು. ಐವತ್ತು ವರ್ಷದಿಂದ ಕೂಡಿಸುತ್ತಲೇ ಇದ್ದೇನೆ. ಅದಕ್ಕೆ ಯೋಚನೆ ಬೇಕಾಗುವುದೇ ಇಲ್ಲ.

ಓಪಲ್ ಪುಸ್ತಕದ ಹೊದಿಕೆ ತಿರುವಿ, ಒಳಪುಟದ ತಳದಲ್ಲಿದ್ದ ಇರುವೆಯಷ್ಟು ಸಣ್ಣ ಅಕ್ಷರಗಳ ಮೇಲೆ ಕೆಸರಿನ ಬೆರಳಿಟ್ಟಳು.

ನಾನು ಬಗ್ಗಿ ಓದಿದೆ. 'ಬೇಸಿಗೆಯ ಗಂಟೆಯನ್ನು ಈಗಾಗಲೇ ಸೇರಿಸಲಾಗಿದೆ.'

"ಅಂಗಡಿಯವರು ಕೂಡಿಸಿಯೇ ಅಚ್ಚು ಹಾಕಿಸ್ತಾರಮ್ಮಾ," ಎಂದಳು. "ಪ್ರವಾಸಕ್ಕೆ ಬರೋರಿಗೆ ಸುಲಭ ಆಗ್ಲಿ ಅಂತ. ನೀವು ಅದರ ಮೇಲೆ ಇನ್ನೊಂದು ಕೂಡಿಸಿದ್ದೀರಿ."

"ಪುಸ್ತಕ ತಪ್ಪಿರಬಹುದು," ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ಪುಸ್ತಕ ತಪ್ಪಿರಬಹುದು, ನಮ್ಮಮ್ಮ ತಪ್ಪಲ್ಲ. ಇವತ್ತು ನಮ್ಮ ಹಳ್ಳೀಲಿ ಒಂದು ನಾಯೀನೂ ಮನೇಲಿಲ್ಲ, ಎಲ್ಲಾ ತೀರದಲ್ಲೇ. ಎಂಟು ಗಂಟೆಗೆ ನಮ್ಮಮ್ಮ, ನಾನು ಮಂಡಿಯೂರಿ ಚಿಪ್ಪು ಅಗೀತಿದ್ವಿ. ಎಂಟೂ ಮುಕ್ಕಾಲಿಗೆ 'ಏಳೇ, ನೀರು ತಿರುಗ್ತು' ಅಂದ್ಲು. ಒಂಬತ್ತೂ ಕಾಲಿಗೆ ನಾವು ಅಗೆದ ಗುಂಡಿಗಳೆಲ್ಲ ನೀರಲ್ಲಿ ಮುಳುಗಿದ್ವು. ನಿಮ್ಮ ರೇಡಿಯೊ ಕರೆ ಬಂದಾಗ ಇನ್ನೂ ಚಿಪ್ಪು ತೊಳೀತಾ ಇದ್ದೆ, ಕಾಲು ತೊಳಿಯೋಕೂ ನಿಲ್ಲಲಿಲ್ಲ."

ಕೊಕ್ಕೆಗೋಲು ನನ್ನ ಕೈಯಿಂದ ಜಾರಿ ಬಿತ್ತು. ಇಷ್ಟು ಹೊತ್ತು ನಾನು ನಿಜ ಹೇಳಿದವನ ಎದೆಗೆ ಗುರಿಯಿಟ್ಟು ಕೂತಿದ್ದೆ. ವಿನ್‌ಸ್ಟನ್ ನನ್ನನ್ನು ಬೈಯಲಿಲ್ಲ. ಅಂಗಿಯ ಮೇಲಿನ ತುಕ್ಕಿನ ಗುರುತನ್ನು ಬೆರಳಿನಿಂದ ಉಜ್ಜಿಕೊಂಡನಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

"ಒಂಬತ್ತು ಹನ್ನೆರಡಕ್ಕೆ ಆ ದಿಬ್ಬದ ಮೇಲೆ ಸೊಂಟದ ತನಕ ನೀರು," ಎಂದಳು ಓಪಲ್. ಅವಳೀಗ ಲೈಲ್‌ನನ್ನು ಮಾತ್ರ ನೋಡುತ್ತಿದ್ದಳು. "ಅಲ್ಲಿ ನಿಂತಿದ್ದೋನು ಯಾವನೂ 'ನೀರು ತಳದಲ್ಲಿ' ಅಂತ ಬರೆಯಲ್ಲ. ಇದನ್ನ ನೀನು ಕಣ್ಣಿಂದ ನೋಡಿ ಬರೀಲಿಲ್ಲ. ಪುಸ್ತಕ ನೋಡಿ ಬರೆದೆ. ಹೊಸಬ ಆಗಿದ್ರೆ ಎಂಟು ಹನ್ನೆರಡು ಅಂತ ಬರೀತಿದ್ದ. ಒಂಬತ್ತು ಹನ್ನೆರಡು ಅಂತ ಬರಿಯೋಕೆ ಹಳೇ ಮೀನುಗಾರನೇ ಆಗ್ಬೇಕು."

"ಲೈಲ್?" ಎಂದೆ.

ಅವನು ನನ್ನ ಕಡೆ ತಿರುಗಲಿಲ್ಲ. ಗೋಡೆಯ ಗಡಿಯಾರವನ್ನು ನೋಡುತ್ತಿದ್ದ. ಮುಖದಿಂದ ರಕ್ತ ಇಳಿದು ಹೋಗಿತ್ತು.

"ನಿನ್ನ ಚಿಕ್ಕ ದೋಣಿ ನೋಡ್ಕೊಂಡೇ ಹತ್ತಿ ಬಂದೆ," ಓಪಲ್ ಬಿಡಲಿಲ್ಲ. "ಮುಂಭಾಗಕ್ಕೆ ಕಂದು ಹೇಲು ಮೆತ್ತಿದೆ, ನಾರುತ್ತೆ. ಕಡಲಸಿಂಹದ್ದು. ಮರಳುದಿಬ್ಬದ ಮೇಲೆ ಕಡಲಸಿಂಹ ಮಲಗಲ್ಲ. ಎಲ್ಲಿಗೆ ಕರ್ಕೊಂಡು ಹೋದೆ ಅವನನ್ನ?"

ಸಿಕ್ಕಿಬಿದ್ದವನು ಮಾತು ತಿರುಚುತ್ತಾನೆ, ಇಲ್ಲ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಲೈಲ್ ಎರಡನ್ನೂ ಮಾಡಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಓಪಲ್‌ಳ ಎರಡೂ ತೋಳು ಹಿಡಿದುಕೊಂಡ.

"ನಿಜವಾಗ್ಲೂ ಎಂಟು ಹನ್ನೆರಡಾ? ಓಪಲ್, ನಿಮ್ಮಮ್ಮನ ಮೇಲೆ ಆಣೆ ಇಟ್ಟು ಹೇಳಿ. ಎಂಟು ಹನ್ನೆರಡಾ?"

"ಎಂಟು ಹನ್ನೆರಡು."

"ಅಯ್ಯೋ ದೇವರೇ," ಎಂದ. "ಹಾಗಾದ್ರೆ ಹ್ಯಾಟಿ ಅಜ್ಜಿ ಬಂದು ಹೋಗ್ಬಿಟ್ಟಿದ್ದಾಳೆ. ಅವನಿನ್ನೂ ಅರ್ಧಬಂಡೆ ಮೇಲೇ ಇದ್ದಾನೆ."

ಅವನ ಕೆನ್ನೆಗೆ ಬಾರಿಸಿದ್ದು ನೆನಪಿದೆ. ಎಷ್ಟು ಸಲ ಅನ್ನುವುದು ನೆನಪಿಲ್ಲ. ಅವನು ಕೈ ಅಡ್ಡ ಹಿಡಿಯಲಿಲ್ಲ. "ಆಮೇಲೆ ಹೊಡಿ ಸಿಗ್ರಿಡ್, ಆಮೇಲೆ ಎಷ್ಟು ಬೇಕಾದ್ರೂ ಹೊಡಿ, ಈಗ ಇಂಜಿನ್ ಹಾಕಿ," ಎನ್ನುತ್ತಲೇ ಇದ್ದ.

ವಿನ್‌ಸ್ಟನ್‌ನನ್ನು ಮಾರ್ತಾ ಬಿಯಲ್ಲೇ ಬಿಟ್ಟೆವು. "ಹೆಲಿಕಾಪ್ಟರ್‌ನವರಿಗೆ ಹೇಳಿ," ಎಂದಳು ಓಪಲ್, "ದ್ವೀಪ ಬಿಡಿ, ದಕ್ಷಿಣದ ಅರ್ಧಬಂಡೆಗೆ ಬನ್ನಿ ಅಂತ." ಅವನು ಆಗಲೇ ರೇಡಿಯೊ ಕೈಗೆತ್ತಿಕೊಂಡಿದ್ದ. ನಾನು ಅವನ ಭುಜ ಮುಟ್ಟಿದೆ. "ಹೋಗಿ ಹೋಗಿ," ಎಂದ.

ಅರ್ಧಬಂಡೆ ಐದು ಮೈಲಿ. ನೀರು ಇಳಿದಾಗ ಮನೆಯಷ್ಟು ಎತ್ತರ, ದೊಡ್ಡ ಉಬ್ಬರದಲ್ಲಿ ಪೂರ್ತಿ ಮುಳುಗುತ್ತದೆ. ಇವತ್ತಿನ ಉಬ್ಬರ ಮೂರೂವರೆಗೆ ಎಂದು ನಾನು ಬೆಳಗ್ಗೆಯಿಂದ ಲೆಕ್ಕ ಹಾಕಿಕೊಂಡು ಕೂತಿದ್ದೆ. ಅದೂ ತಪ್ಪು. ಎರಡೂವರೆಗೇ ತುಂಬುತ್ತದೆ. ಒಂದು ಗಂಟೆ ನಮ್ಮ ಕೈಯಲ್ಲಿದೆ ಎಂದುಕೊಂಡಿದ್ದೆವು, ಆ ಗಂಟೆ ಇರಲೇ ಇಲ್ಲ.

ಓಪಲ್‌ಳ ದೋಣಿ ಅಲೆಯಿಂದ ಅಲೆಗೆ ಹಾರುತ್ತಿತ್ತು. ಲೈಲ್ ನನ್ನ ಎದುರು ಹಲಗೆಯ ಮೇಲೆ ಕೂತು, ಗಾಳಿಗೆ ಕಿರುಚುತ್ತ, ತುಂಡು ತುಂಡಾಗಿ ಹೇಳಿದ.

"ಕಾನ್ರಾಡ್ ಅವನನ್ನ ಕೋರ್ಟಿನ ತನಕ ಬಿಡಲ್ಲ ಅಂತ ಗೊತ್ತಾಯ್ತು. ಎಸ್ಪೆನ್‌ನ ಟ್ರಕ್ ಬ್ರೇಕಿನ ಪೈಪು ಯಾರೋ ಕೊಯ್ದಿದ್ರು. ಅದಕ್ಕೇ ಎಸ್ಪೆನ್, ನಾನು ಸತ್ತೆ ಅಂತ ಎಲ್ಲರೂ ನಂಬಲಿ, ಸೋಮವಾರ ನೇರ ಕೋರ್ಟಿಗೇ ಬರ್ತೀನಿ ಅಂದ. ಹ್ಯಾಟಿ ಅಜ್ಜಿ ತನ್ನ ದೋಣೀಲಿ ಕರ್ಕೊಂಡು ಹೋಗಿ ಮನೇಲಿ ಬಚ್ಚಿಡ್ತೀನಿ ಅಂದ್ಲು. ಅರ್ಧಬಂಡೆ ಹತ್ರ ಯಾರೂ ಸುಳಿಯಲ್ಲ. ನೀರು ತಳ ಮುಟ್ಟಿದಾಗ ಸಿಗೋದು ಅಂತ ಮಾತಾಯ್ತು."

ನಮ್ಮ ಕಡೆಯವರು ಗಡಿಯಾರ ಹೇಳಿ ಸಿಗುವುದಿಲ್ಲ, ನೀರು ಹೇಳಿ ಸಿಗುತ್ತೇವೆ. ಬಂಡೆಗೆ ದೋಣಿ ಸಲೀಸಾಗಿ ತಾಗಿಸಲು ಆಗುವುದು ನೀರು ನಿಂತ ಆ ಹತ್ತು ಹದಿನೈದು ನಿಮಿಷ ಮಾತ್ರ. ಹ್ಯಾಟಿ ಎಂಟು ಹನ್ನೆರಡಕ್ಕೆ ಬಂದಿದ್ದಾಳೆ, ಕಾದಿದ್ದಾಳೆ, ಯಾರೂ ಇಲ್ಲವೆಂದು ಹೋಗಿದ್ದಾಳೆ. ಲೈಲ್ ಒಂದು ಗಂಟೆ ತಡವಾಗಿ ನನ್ನ ತಮ್ಮನನ್ನು ಖಾಲಿ ಬಂಡೆಗೆ ಹತ್ತಿಸಿ, ಕೈ ಬೀಸಿ ಬಂದಿದ್ದಾನೆ.

"ನೀರು ಏರ್ತಿರೋದು ಕಾಣ್ಲಿಲ್ವೇನೋ ನಿನಗೆ?"

"ಸ್ವಲ್ಪ ಏರಿದ ಹಾಗೆ ಅನ್ನಿಸ್ತು. ಅಲೆ ಇರಬೇಕು ಅಂದ್ಕೊಂಡೆ. ಲೆಕ್ಕ ಸರಿ ಇದೆಯಲ್ಲ ಅಂದ್ಕೊಂಡೆ."

"ಹ್ಯಾಟಿ ರೇಡಿಯೊದಲ್ಲಿ ಹೇಳ್ಬಾರ್ದಿತ್ತಾ?"

"ರೇಡಿಯೊ ಮುಟ್ಟಬಾರದು ಅಂತಾನೇ ಮಾತಾಗಿತ್ತು. ಹದಿನಾರನೇ ಚಾನೆಲ್ ಇಡೀ ಕರಾವಳಿ ಕೇಳುತ್ತೆ, ಕಾನ್ರಾಡೂ ಕೇಳ್ತಾನೆ. ಎಸ್ಪೆನ್ ಬರದೇ ಇದ್ರೆ ಮನಸ್ಸು ಬದಲಾಯಿಸಿದ ಅಂತ ತಿಳ್ಕೊಳ್ಳೋದು, ಸುಮ್ನೆ ಹೋಗೋದು."

"ನನಗ್ಯಾಕೆ ಹೇಳ್ಲಿಲ್ಲ?"

ನಾನು ಅವನ ಕೊರಳಪಟ್ಟಿ ಹಿಡಿದೆ.

"ನನಗ್ಯಾಕೋ ಹೇಳ್ಲಿಲ್ಲ?"

"ಅಕ್ಕನ ಮುಖದಲ್ಲಿ ಏನೂ ಮುಚ್ಚಿಡೋಕಾಗಲ್ಲ ಅಂದ," ಎಂದ ಲೈಲ್. "ಅಕ್ಕ ರೇಡಿಯೊದಲ್ಲಿ ಅಳಬೇಕು, ಅದು ನಿಜವಾದ ಅಳು ಆಗಿರಬೇಕು, ಇಲ್ಲಾಂದ್ರೆ ಕಾನ್ರಾಡ್ ನಂಬಲ್ಲ ಅಂದ. ಬೇಡ ಕಣೋ ಅಂದೆ. ನಾಲ್ಕೇ ದಿನ ಅಲ್ವಾ, ಆಮೇಲೆ ಕಾಲು ಹಿಡ್ಕೊಂಡು ಕ್ಷಮಾಪಣೆ ಕೇಳ್ತೀನಿ ಅಂದ."

ಅಮ್ಮ ಹೋದಾಗ ಎಸ್ಪೆನ್‌ಗೆ ಆರು ವರ್ಷ. ಅವನ ಬೂಟಿನ ದಾರ ಕಟ್ಟಿದವಳು, ಅವನ ಜ್ವರಕ್ಕೆ ರಾತ್ರಿಯಿಡೀ ಎದ್ದಿದ್ದವಳು, ಮದುವೆಯ ದಿನ ಅವನಿಗೆ ಟೈ ಕಟ್ಟಿದವಳು ನಾನು. ನನ್ನ ಅಳುವನ್ನೇ ಅವನು ಲೆಕ್ಕಕ್ಕೆ ಹಿಡಿದಿದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದುಕಿದ್ದರೆ ಸಾಕು, ಆಮೇಲೆ ಬೈದುಕೊಳ್ಳೋಣ ಅನ್ನಿಸಿತು.

ದಕ್ಷಿಣದಲ್ಲಿ ಮಂಜು ಬೆಳಗ್ಗೆಯಿಂದಲೂ ಕದಲಿರಲಿಲ್ಲ. ಅದರೊಳಗೆ ನುಗ್ಗಿದೊಡನೆ ಮೂಗಿಗೆ ಕಡಲಸಿಂಹಗಳ ನಾತ ಬಡಿಯಿತು. ಓಪಲ್ ಇಂಜಿನ್ ತಗ್ಗಿಸಿದಳು. ಬೊಗಳುವ ದನಿ ಸುತ್ತಲೂ ಕೇಳುತ್ತಿತ್ತು, ಆದರೆ ಮೇಲಿನಿಂದಲ್ಲ, ನೀರಿನ ಮಟ್ಟದಿಂದ. ಅವು ಬಂಡೆ ಬಿಟ್ಟು ಈಜುತ್ತಿದ್ದವು. ಬಂಡೆಯಲ್ಲಿ ಜಾಗ ಉಳಿದಿರಲಿಲ್ಲ.

ಉಳಿದದ್ದು ಊಟದ ಮೇಜಿನಷ್ಟು ಕಲ್ಲು. ಅಲೆ ಬಂದಾಗ ಅದೂ ಮುಳುಗಿ ಮೇಲೇಳುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

"ಎಸ್ಪೆನ್!"

ನನ್ನ ಕೂಗಿಗೆ ಒಂದು ಕಡಲಸಿಂಹ ತಲೆ ಎತ್ತಿ ನೋಡಿ ಮುಳುಗಿತು. ಮತ್ತೆ ಕೂಗಿದೆ. ಮತ್ತೆ ಮತ್ತೆ ಕೂಗಿದೆ.

ಓಪಲ್ ದೋಣಿಯನ್ನು ಕಲ್ಲಿನ ಅಂಚಿಗೆ ತಂದಳು. ಲೈಲ್ ಬಗ್ಗಿ, ಬಿರುಕಿನಲ್ಲಿ ಸಿಕ್ಕಿಸಿದ್ದ ಏನನ್ನೋ ಎಳೆದು ತೆಗೆದ. ಕಂದು ರಬ್ಬರ್ ಬೂಟುಗಳು, ಒಂದರೊಳಗೊಂದು ತುರುಕಿದ್ದವು. ಒಳಗೆ ಅವನ ಉಣ್ಣೆಯ ಕಾಲುಚೀಲ, ನಾನೇ ಹೆಣೆದದ್ದು. ಲೈಲ್ ಅವನ್ನು ಎದೆಗವಚಿಕೊಂಡು ಗೋಳೋ ಎಂದು ಅತ್ತ. ಅರವತ್ತೆರಡು ವರ್ಷದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

"ಅಳಬೇಡ ಲೈಲ್, ಯೋಚನೆ ಮಾಡು," ಎಂದಳು ಓಪಲ್. "ಕೊಚ್ಚಿಕೊಂಡು ಹೋದೋನು ಬೂಟು ಬಿಚ್ಚಿಡಲ್ಲ. ಈಜೋಕೆ ಹೊರಟೋನು ಬಿಚ್ಚಿಡ್ತಾನೆ. ಉಬ್ಬರ ಇಲ್ಲಿ ಯಾವ ಕಡೆ ಎಳೆಯುತ್ತೆ?"

"ಉತ್ತರಕ್ಕೆ," ಎಂದ ಲೈಲ್ ಮುಖ ಒರೆಸಿಕೊಂಡು. "ಅಲ್ಲಿ ಕಡಲಪಾಚಿ ದಟ್ಟವಾಗಿದೆ. ಅದನ್ನ ಹಿಡ್ಕೊಂಡ್ರೆ ತೇಲಬಹುದು."

"ಈ ನೀರಲ್ಲಿ ಎಷ್ಟು ಹೊತ್ತು?"

ಗಟ್ಟಿಮುಟ್ಟಾದವನಿಗೂ ಅರ್ಧ ಗಂಟೆಯಲ್ಲಿ ಬೆರಳು ಹಿಡಿತ ಬಿಡುತ್ತದೆ. ಇದು ನಮಗೆ ಮೂವರಿಗೂ ಗೊತ್ತಿತ್ತು.

ಪಾಚಿಯ ಅಂಚಿನಲ್ಲಿ ಮೆಲ್ಲಗೆ ಸಾಗಿದೆವು. ನೀರುನಾಯಿಗಳು ಪಾಚಿ ಸುತ್ತಿಕೊಂಡು ಅಂಗಾತ ತೇಲುತ್ತಿದ್ದವು. ಪ್ರತಿ ಕಂದು ತಲೆಯೂ ಒಂದು ಕ್ಷಣ ನನ್ನ ತಮ್ಮನ ತಲೆಯಾಗಿ, ಮರುಕ್ಷಣ ಪ್ರಾಣಿಯಾಗುತ್ತಿತ್ತು. ದೇವರೇ, ಈ ಸಲ ಅವನೇ ಆಗಿರಲಿ ಎಂದು ಎಷ್ಟು ಸಲ ಬೇಡಿಕೊಂಡೆನೋ. ಗಂಟೆ ಒಂದೂ ಐವತ್ತಾಯಿತು.

ಆಗ ಓಪಲ್‌ಳ ರೇಡಿಯೊ ಗರಗರ ಎಂದಿತು.

"ಕರಾವಳಿ ಕಾವಲು ಪಡೆಗೆ ಕಿಂಗ್‌ಫಿಷರ್ ದೋಣಿಯಿಂದ. ನೀರಿನಿಂದ ಒಬ್ಬನನ್ನ ಎತ್ತಿದ್ದೀವಿ. ಗಂಡಸು, ನಲವತ್ತರ ಆಸುಪಾಸು. ಜೀವ ಇದೆ."

ನಾನು ಕಿರುಚಿಬಿಟ್ಟೆ. ಓಪಲ್‌ಳ ಕುತ್ತಿಗೆಗೆ ಜೋತುಬಿದ್ದೆ. ಜೀವ ಇದೆ, ಜೀವ ಇದೆ ಎಂದು ಎಷ್ಟು ಸಲ ಹೇಳಿದೆನೋ. ಲೈಲ್ ಮಾತ್ರ ಕದಲಲಿಲ್ಲ.

"ಸಿಗ್ರಿಡ್," ಎಂದ. "ಕಿಂಗ್‌ಫಿಷರ್ ಯಾರದು ಅಂತ ಮರೆತ್ಯಾ? ಆ ದನಿ ಕೇಳಿಸ್ಕೊಂಡ್ಯಾ?"

ಕೇಳಿಸಿಕೊಂಡೆ. ಮೆತ್ತಗಿನ, ಯಾವಾಗಲೂ ಎದುರಿನವರ ಯೋಗಕ್ಷೇಮ ವಿಚಾರಿಸುವ ದನಿ. ಕಾನ್ರಾಡ್ ವೆಸ್ಟ್‌ಗಾರ್ಡ್. ಯಾರಾದರೂ ಬನ್ನಿ, ಯಾವ ದೋಣಿಯಾದರೂ ಬನ್ನಿ, ನನ್ನ ತಮ್ಮನನ್ನು ಹುಡುಕಿಕೊಡಿ ಎಂದು ಬೆಳಗ್ಗೆಯಿಂದ ಹದಿನಾರನೇ ಚಾನೆಲ್‌ನಲ್ಲಿ ಗೋಗರೆದವಳು ನಾನೇ. ಅವನು ಬಂದಿದ್ದ.

"ಬಹಳ ಒಳ್ಳೇ ಕೆಲಸ ಕಿಂಗ್‌ಫಿಷರ್," ಎಂದಿತು ಕಾವಲು ಪಡೆಯ ದನಿ. "ಹೆಲಿಕಾಪ್ಟರ್ ಹೊರಟಿದೆ. ಇಪ್ಪತ್ತೈದು ನಿಮಿಷದಲ್ಲಿ ನಿಮ್ಮ ಮೇಲಿರುತ್ತೆ. ಆತನನ್ನು ಎತ್ತಿಕೊಳ್ಳಲು ಸಿದ್ಧವಾಗಿರಿ."

"ಹೆಲಿಕಾಪ್ಟರ್ ಬೇಕಾಗಿಲ್ಲ ಸರ್. ಬೆಚ್ಚಗೆ ಹೊದಿಸಿದ್ದೀವಿ, ಬಿಸಿ ಸೂಪು ಕುಡೀತಿದ್ದಾನೆ. ಈ ಮಂಜಲ್ಲಿ ಹಗ್ಗ ಇಳಿಸೋದು ಅಪಾಯ. ನಾಲ್ಕು ಗಂಟೇಲಿ ಊರು ತಲುಪಿಸ್ತೀವಿ."

ಓಪಲ್ ದೋಣಿಯ ಇಂಜಿನ್ ನಿಲ್ಲಿಸಿದಳು. ಅವಳ ಮುಖ ಬಿಗಿದುಕೊಂಡಿತ್ತು.

"ಬದುಕಿದ್ದಾನೆ ಅಂತ ಅವನೇ ಊರಿಗೆಲ್ಲ ಹೇಳಿದ್ನಲ್ಲ," ಎಂದೆ. "ಈಗ ಏನೂ ಮಾಡೋ ಹಾಗಿಲ್ಲ, ಅಲ್ವಾ? ಓಪಲ್, ಅಲ್ವಾ?"

"ತಣ್ಣೀರಿಂದ ಎತ್ತಿದೋನು ಒಂದು ಗಂಟೆ ಬಿಟ್ಟು ಸತ್ರೆ, ಈ ಕಡೆ ಯಾರಾದ್ರೂ ಯಾಕೆ ಅಂತ ಕೇಳ್ತಾರಾ ಸಿಗ್ರಿಡ್? 'ಪಾಪ, ಎದೆ ತಡ್ಕೊಳ್ಳಲಿಲ್ಲ' ಅಂತಾರೆ. ನಾನು ಅಂಥಾ ಆರು ಹೆಣ ನೋಡಿದ್ದೀನಿ. ಒಂದರ ಮೇಲೂ ಗಾಯ ಇರಲಿಲ್ಲ."

ನಾಲ್ಕು ಗಂಟೆ. ಮಂಜಿನೊಳಗೆ ನಾಲ್ಕು ಗಂಟೆ ಅವನ ಕೈಯಲ್ಲಿ.

"ಕುಟುಂಬದವರು ಯಾರಾದರೂ ಕೇಳುತ್ತಿದ್ದೀರಾ?" ಕಾವಲು ಪಡೆಯವನು ಕೇಳಿದ. ಬೆಳಗ್ಗೆಯಿಂದ ನನ್ನ ಅಳು ಕೇಳಿದ್ದ ಹುಡುಗನೇ ಅವನು, ದನಿಯಲ್ಲಿ ಸಂತೋಷ ತುಂಬಿತ್ತು. "ಅಮ್ಮಾ, ನಿಮ್ಮ ತಮ್ಮ ಸಿಕ್ಕಿದ್ದಾರೆ. ಹೆಲಿಕಾಪ್ಟರನ್ನು ವಾಪಸ್ ಕರೆಸಲೇ? ನೀವು ಹೇಳಿದಂತೆ ಮಾಡ್ತೀವಿ."

ಓಪಲ್ ರೇಡಿಯೊವನ್ನು ನನ್ನ ಕೈಗಿಟ್ಟಳು. "ಹೆಲಿಕಾಪ್ಟರ್ ಬೇಕು ಅಂದ್ರೆ, ನಮಗೆ ಎಲ್ಲಾ ಗೊತ್ತು ಅಂತ ಅವನಿಗೆ ಗೊತ್ತಾಗುತ್ತೆ," ಎಂದಳು. "ಬೇಡ ಅಂದ್ರೆ ನಾಲ್ಕು ಗಂಟೆ. ಹೇಗೆ ಹೇಳ್ಬೇಕು ಅಂತ ನನಗೂ ತಿಳೀತಿಲ್ಲ."

ನಾನು ಗುಂಡಿ ಒತ್ತುವ ಮೊದಲೇ ಅತ್ತಲಿಂದ ದನಿ ಬಂತು. ಹಲ್ಲು ಕಟಕಟ ಎನ್ನುತ್ತಿತ್ತು, ಮಾತು ತೊದಲುತ್ತಿತ್ತು. ಆದರೂ ಅದು ಎಸ್ಪೆನ್.

"ಅಕ್ಕಾ... ಬೇಡ ಅಂದ್ಬಿಡು. ನಾನು ಚೆನ್ನಾಗಿದ್ದೀನಿ. ಬೇಡ ಅನ್ನಕ್ಕಾ."

ಅವನ ಹಿಂದೆ ಯಾರೋ ಮೂಗಿನಿಂದ ಉಸಿರು ಬಿಟ್ಟದ್ದು ಕೇಳಿಸಿತು, ಬಹಳ ಹತ್ತಿರದಿಂದ.

ಇಡೀ ಕರಾವಳಿ ನನ್ನ ಮಾತಿಗೆ ಕಾದಿತ್ತು. ಲೈಲ್ ತಲೆ ಅಡ್ಡ ಆಡಿಸುತ್ತಿದ್ದ, ಬೇಡ ಎಂದೋ, ಬೇಕು ಎಂದೋ ನನಗೆ ಇವತ್ತಿಗೂ ತಿಳಿಯದು. ನಾನು ಗುಂಡಿ ಒತ್ತಿದೆ.

"ಹೆಲಿಕಾಪ್ಟರ್ ಕಳಿಸಿ," ಎಂದೆ. "ನನ್ನ ತಮ್ಮನಿಗೆ ಎದೆಯ ಕಾಯಿಲೆ ಇದೆ, ಚಿಕ್ಕಂದಿನಿಂದ ಇದೆ. ಕಾನ್ರಾಡ್ ಅವರೇ, ನಿಮ್ಮ ಉಪಕಾರ ಮರೆಯಲ್ಲ. ದೋಣಿ ಅಲ್ಲೇ ನಿಲ್ಲಿಸಿ, ಹೆಲಿಕಾಪ್ಟರ್ ಬರೋ ತನಕ ನಿಲ್ಲಿಸಿ."

ಎಸ್ಪೆನ್‌ಗೆ ಎದೆಯ ಕಾಯಿಲೆ ಇಲ್ಲ. ಯಾವತ್ತೂ ಇರಲಿಲ್ಲ. ಆ ಸುಳ್ಳು ಎಲ್ಲಿಂದ ಬಂತೋ ಗೊತ್ತಿಲ್ಲ. ಗುಂಡಿ ಬಿಟ್ಟ ಮೇಲಷ್ಟೇ ನಾನು ಏನು ಮಾಡಿದೆ ಎಂದು ನನಗೆ ಹೊಳೆಯಿತು. ಅವನು ಸತ್ತರೆ ಎದೆಯ ಕಾಯಿಲೆಯಿಂದ ಸತ್ತ ಎಂದು, ಇಡೀ ಕರಾವಳಿಗೆ ಕೇಳುವಂತೆ, ಸ್ವಂತ ಅಕ್ಕನೇ ಮುಂಚಿತವಾಗಿ ಹೇಳಿಬಿಟ್ಟಿದ್ದಳು.

ಓಪಲ್ ಕಣ್ಣು ಮುಚ್ಚಿಕೊಂಡಳು.

"ಅಯ್ಯೋ ಪಾಪ," ಎಂದಿತು ರೇಡಿಯೊದಲ್ಲಿ ಆ ಮೆತ್ತಗಿನ ದನಿ. "ಎದೆ ಕಾಯಿಲೇನಾ? ನಮಗೆ ಗೊತ್ತೇ ಇರಲಿಲ್ಲ. ಹೇಳಿದ್ದು ಒಳ್ಳೇದಾಯ್ತು ಸಿಗ್ರಿಡಮ್ಮಾ."